ಪರ್ಯಾಯಪದದ ರಾಯರು

ಪ್ರತಿ ಕಚೇರಿಯಲ್ಲೂ ಒಬ್ಬ ಪರ್ಯಾಯಪದದ ರಾಯರು ಇದ್ದೇ ಇರುತ್ತಾರೆ. ಅವರ ರಜಾ ಅರ್ಜಿಯಲ್ಲಿ ಅಜ್ಜಿ ಕೂಡ ಸಾಯುವುದಿಲ್ಲ, ‘ಡಿಮೈಸ್’ ಆಗುತ್ತಾರೆ. ಮೀಟಿಂಗು ‘ಬಿಗಿನ್’ ಆಗದೆ ‘ಕಮೆನ್ಸ್’ ಆಗುತ್ತದೆ. ಪೊರಕೆಯನ್ನೂ ‘ಪರ್ಚೇಸ್’ ಮಾಡಲಾಗುತ್ತದೆ. ಒಂದೇ ಅರ್ಥಕ್ಕೆ ಎರಡು ಮಾತಿದ್ದರೆ ಉದ್ದದ್ದನ್ನು ಆರಿಸಬೇಕು, ದರ ಒಂದೇ ಇದ್ದಾಗ ದೊಡ್ಡ ತೆಂಗಿನಕಾಯಿ ಆರಿಸಿದಂತೆ, ಎಂಬುದು ಅವರ ಸಿದ್ಧಾಂತ. ಕಾಯಿ ಕೊಳೆತದ್ದು ಗೊತ್ತಾಗುವುದು ಬೀಳ್ಕೊಡುಗೆಯ ದಿನ. ಸಾಹೇಬರನ್ನು ಬರೀ ‘ಕ್ಲೆವರ್’ ಎನ್ನಲು ಮನಸ್ಸೊಪ್ಪದೆ, ಪದಕೋಶದಲ್ಲಿ ಅದರ ನೆರೆಯಲ್ಲೇ ಕೂತಿದ್ದ ‘ಕನ್ನಿಂಗ್’ ಅನ್ನು ಹಾರದ ಜೊತೆ ತೊಡಿಸುತ್ತಾರೆ. ಜಾಣರೆನ್ನಲು ಹೋಗಿ ಕಿಲಾಡಿ ಎಂದಂತಾಯಿತು. (ಕೆಲವು ಸಾಹೇಬರ ಮಟ್ಟಿಗೆ ಇದು ಬಾಯ್ತಪ್ಪಿ ಬಂದ ನಿಜವೂ ಇರಬಹುದು.)

ತಪ್ಪು ಪದಕೋಶದ್ದಲ್ಲ. 1852ರಲ್ಲಿ ‘ಥೆಸಾರಸ್’ ಎಂಬ ಪರ್ಯಾಯಪದಗಳ ಕೋಶ ಪ್ರಕಟಿಸಿದ ವೈದ್ಯ ಪೀಟರ್ ಮಾರ್ಕ್ ರೋಜೆ ಮಾತುಗಳನ್ನು ಭಾವಕ್ಕೆ ತಕ್ಕಂತೆ ಗುಂಪು ಮಾಡಿದರೇ ಹೊರತು ಅರ್ಥ ಬರೆಯಲಿಲ್ಲ. ಅರ್ಥ ಬಲ್ಲವನಿಗೆ ಮರೆತ ಮಾತನ್ನು ಒದಗಿಸುವ ಪುಸ್ತಕ ಅದು. ಇನ್ನು ಜೋಡಿ ಮಾತುಗಳಿಗೂ ಒಂದು ಚರಿತ್ರೆಯಿದೆ: 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಮನೆಮಾತಿನ ‘ಬಿಗಿನ್’, ‘ಬೈ’ಗಳ ಪಕ್ಕದಲ್ಲಿ ಆಳುವವರ ಫ್ರೆಂಚಿನಿಂದ ‘ಕಮೆನ್ಸ್’, ‘ಪರ್ಚೇಸ್’ ಬಂದು ಕುಳಿತವು. ನೀರಿನ ಪಕ್ಕ ಜಲ, ಮನೆಯ ಪಕ್ಕ ಗೃಹ ಇಟ್ಟುಕೊಂಡ ಕನ್ನಡಿಗರಿಗೆ ಇದೇನು ಹೊಸದೆ? ಗೃಹಪ್ರವೇಶಕ್ಕೆ ಕರೆಯುವ ರಾಯರು ಸಂಜೆ ‘ಗೃಹಕ್ಕೆ ಹೊರಟೆ’ ಎನ್ನುವುದಿಲ್ಲ; ಬೀಗರನ್ನು ‘ಊಟ ಆಯ್ತೇ’ ಎಂದು ಕೇಳುತ್ತಾರೆಯೇ ಹೊರತು ‘ತಿಂದಿರಾ’ ಎಂದು ಕೇಳಿ ನೆಂಟಸ್ತಿಕೆ ಕೆಡಿಸಿಕೊಳ್ಳುವುದಿಲ್ಲ. ಇಷ್ಟು ಸೂಕ್ಷ್ಮವಾದ ಕಿವಿಯನ್ನು ಇಂಗ್ಲಿಷಿನ ಹೊಸಿಲಾಚೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗುತ್ತಾರಲ್ಲ, ಅದು ಸೋಜಿಗ.

ವಿರುದ್ಧಪದದಲ್ಲಿ ಅವರ ನಂಬಿಕೆ ಇನ್ನೂ ಗಟ್ಟಿ: ಮುಂದೆ ‘ಇನ್’ ಅಂಟಿಸಿದರೆ ಮಾತು ತಲೆಕೆಳಗಾಗಲೇಬೇಕು. ಟ್ಯಾಂಕರಿನ ಬೆನ್ನ ಮೇಲೆ ‘ಇನ್‌ಫ್ಲೇಮಬಲ್’ ಕಂಡರೆ ಬೆಂಕಿ ಹತ್ತದ ಸರಕೆಂದು ನೆಮ್ಮದಿಯಿಂದ ಬೀಡಿ ಹಚ್ಚಬಲ್ಲರು. ‘ಓಲ್ಡ್’ಗೆ ‘ನ್ಯೂ’ ಎಂದು ಗೈಡು ಹೇಳಿದೆ, ಮುಗಿಯಿತು. ಹಳೆ ಕೊಡೆ ಬೇರೆ, ಮುದಿ ಎತ್ತು ಬೇರೆ ಎಂದು ಕನ್ನಡ ಕಲಿಸಿದ್ದು ಲೆಕ್ಕಕ್ಕಿಲ್ಲ. ಅವರ ಪರ ವಕಾಲತ್ತು ವಹಿಸುವವರು ‘ಪ್ರಿಪೋನ್’ ಎತ್ತುತ್ತಾರೆ: ಭಾರತದಲ್ಲಿ ಬೇರುಬಿಟ್ಟ ಆ ಮಾತನ್ನು ಆಕ್ಸ್‌ಫರ್ಡ್ ನಿಘಂಟೂ ಸೇರಿಸಿಕೊಂಡಿತಲ್ಲ? ಒಪ್ಪಿದೆ. ಆದರೆ ‘ಪೋಸ್ಟ್‌ಪೋನ್’ಗೆ ಎದುರಾಗಿ ಅಷ್ಟು ಸಲೀಸಾದ ಒಂಟಿ ಮಾತು ಇರಲಿಲ್ಲ, ಗುಂಡಿಯಿತ್ತು, ಮುಚ್ಚಿತು. ‘ಡಿಮೈಸ್’ ಯಾವ ಗುಂಡಿ ಮುಚ್ಚಿತು? ಅಜ್ಜಿಯದನ್ನಂತೂ ಅಲ್ಲ. ಆ ರಜಾ ಅರ್ಜಿಯ ಮೇಲೆ ಸಾಹೇಬರು ‘ಸ್ಯಾಂಕ್ಷನ್’ ಎಂದು ಗೀಚುತ್ತಾರೆ. ಮಂಜೂರಾತಿ, ದಂಡನೆ ಎರಡಕ್ಕೂ ಅದೇ ಮಾತು. ತನಗೆ ತಾನೇ ವಿರುದ್ಧಪದ. ರಾಯರು ಅದನ್ನಿನ್ನೂ ನಿಘಂಟಿನಲ್ಲಿ ನೋಡಿಲ್ಲ. ರಜೆ ಮುಗಿಯುವವರೆಗೆ ನೋಡದಿರಲಿ.