ಕಂಟೋನ್ಮೆಂಟ್ ಪರಿಸರದ ಬಾತ್ ಬಾಂಬ್: ನೊರೆ, ನೆಲೆ ಮತ್ತು ನಿಲುವು

ಪೀಠಿಕೆ

ಪ್ರಸ್ತುತ ಪ್ರಬಂಧವು ಬಾತ್ ಬಾಂಬ್ ಎಂಬ ಸ್ನಾನೋಪಯೋಗಿ ಗುಂಡನ್ನು ಬಳ್ಳಾರಿ ಕಂಟೋನ್ಮೆಂಟಿನ ಸಾಮಾಜಿಕ, ಆರ್ಥಿಕ, ಸಾಂಸ್ಕೃತಿಕ ಹಾಗೂ ಬಚ್ಚಲುಮನೆಯ ಹಿನ್ನೆಲೆಯಲ್ಲಿಟ್ಟು, ಅದರ ತಯಾರಿಕೆ, ತೊಡಕು ಮತ್ತು ತಾತ್ವಿಕತೆಗಳನ್ನು ಬಹುಶಿಸ್ತೀಯ ನೆಲೆಯಲ್ಲಿ ಅನುಸಂಧಾನಿಸುವ ವಿನಮ್ರ ಪ್ರಯತ್ನವಾಗಿದೆ. ಈ ಕ್ಷೇತ್ರದಲ್ಲಿ ಈವರೆಗೆ ಯಾರೂ ಕೆಲಸ ಮಾಡಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಅಗತ್ಯವಿಲ್ಲದ್ದನ್ನು ಮೊದಲು ಮಾಡಿದವನಿಗೆ ನಮ್ಮ ವಿಚಾರ ಸಂಕಿರಣಗಳಲ್ಲಿ ಶಾಲು ಹೊದಿಸುವ ಪರಂಪರೆ ಇರುವುದರಿಂದ ಈ ಲೇಖಕನೂ ಹಿಂದೆ ಬೀಳಬಾರದೆಂದು ನಿರ್ಧರಿಸಿದ್ದಾನೆ.

ಅಧ್ಯಯನದ ವ್ಯಾಪ್ತಿ: ಕಂಟೋನ್ಮೆಂಟ್ ಕೇಂದ್ರವಾಗಿ, ಉತ್ತರಕ್ಕೆ ಸಿರುಗುಪ್ಪ, ವಾಯವ್ಯಕ್ಕೆ ಕುರುಗೋಡು. ಅಧ್ಯಯನದ ಮಿತಿ: ನೀರು. ಇದನ್ನು ಯಥಾವಕಾಶ ಮುಂದೆ ಚರ್ಚಿಸಲಾಗುವುದು.

ಪೂರ್ವಸೂರಿಗಳ ಸಮೀಕ್ಷೆ

ಪಾಶ್ಚಾತ್ಯ ಆಕರಗಳ ಪ್ರಕಾರ ಬಾತ್ ಬಾಂಬನ್ನು 1989ರಲ್ಲಿ ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ಮೋ ಕಾನ್‌ಸ್ಟಂಟೈನ್ ಎಂಬ ಮಹಿಳೆ ತಮ್ಮ ಹಿತ್ತಲ ಶೆಡ್ಡಿನಲ್ಲಿ ಕಂಡುಹಿಡಿದರು. ಲಷ್ ಕಂಪನಿಯ ಸಂಸ್ಥಾಪಕರಲ್ಲಿ ಅವರೂ ಒಬ್ಬರು. ಈ ವಾದವನ್ನು ನಾವು ಪ್ರಶ್ನಿಸಬೇಕಾಗುತ್ತದೆ. ಏಕೆಂದರೆ ಪ್ರಶ್ನಿಸದಿದ್ದರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದೆ.

ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬೂದಿದಿಬ್ಬವಿದೆ. ನವಶಿಲಾಯುಗದ ದನಗಾಹಿಗಳು ಸಗಣಿ ಒಟ್ಟಿ ಸುಟ್ಟಿದ್ದರಿಂದ ಆದ ದಿಬ್ಬ ಅದು. ಬೂದಿ ಎಂದರೆ ಕ್ಷಾರ. ಬಾತ್ ಬಾಂಬಿನ ಅರ್ಧ ಭಾಗವೂ ಕ್ಷಾರ. ಆದ್ದರಿಂದ ಬಾತ್ ಬಾಂಬಿನ ಮೂಲ ಬಳ್ಳಾರಿ ಜಿಲ್ಲೆ. ಈ ತರ್ಕದಲ್ಲಿ ಬಿರುಕು ಕಂಡವರು ನಮ್ಮಲ್ಲಿ ಮಂಡನೆಯಾಗುವ ಇತರ ಪ್ರಬಂಧಗಳನ್ನೂ ಅಷ್ಟೇ ಎಚ್ಚರದಿಂದ ಓದಬೇಕೆಂದು ಕೋರಿಕೆ. ಇನ್ನು ಗ್ಯಾಸ್ ಆದಾಗ ನಾವು ಕುಡಿಯುವ ಈನೋ ಪೊಟ್ಟಣದ ಹಿಂದೆ ‘ಸ್ವರ್ಜಿಕಾಕ್ಷಾರ’, ‘ನಿಂಬುಕಾಮ್ಲ’ ಎಂದು ಬರೆದಿರುತ್ತದೆ. ಅಡುಗೆ ಸೋಡಾ, ನಿಂಬೆಉಪ್ಪು. ಅಲ್ಲಿಗೆ ಬಾತ್ ಬಾಂಬ್ ಎನ್ನುವುದು ಎಣ್ಣೆ, ಸುಗಂಧ ಹಚ್ಚಿಕೊಂಡ ಈನೋ ಎಂಬ ಪ್ರಾಕ್ಕಲ್ಪನೆ ಸಿದ್ಧವಾಗುತ್ತದೆ.

ತಯಾರಿಕಾ ಮೀಮಾಂಸೆ

ಎರಡು ಬಟ್ಟಲು ಅಡುಗೆ ಸೋಡಾ, ಒಂದು ಬಟ್ಟಲು ನಿಂಬೆಉಪ್ಪು, ಒಂದು ಬಟ್ಟಲು ಕಾರ್ನ್ ಫ್ಲೋರ್. ಬೇಕಾದವರು ಅರ್ಧ ಬಟ್ಟಲು ಎಪ್ಸಮ್ ಉಪ್ಪು ಸೇರಿಸಲಿ. ಎಲ್ಲ ಒಣಗಿದ ಪಾತ್ರೆಯಲ್ಲಿ ಜರಡಿ ಹಿಡಿದು, ಎರಡು ಚಮಚ ಎಣ್ಣೆ, ಒಂದಿಷ್ಟು ಪರಿಮಳ ಬೆರೆಸಬೇಕು. ಆಮೇಲೆ ಇಸ್ತ್ರಿಗೆ ಚಿಮುಕಿಸುವ ಸ್ಪ್ರೇ ಬಾಟ್ಲಿಯಿಂದ ನೀರನ್ನು ಮಂಜಿನಷ್ಟೇ ಬಿಟ್ಟು, ಬಿಟ್ಟೊಡನೆ ಕೈಯಾಡಿಸಬೇಕು. ಹಿಡಿಯಲ್ಲಿ ಒತ್ತಿದರೆ ತಂಬಿಟ್ಟಿನ ಹದದಲ್ಲಿ ನಿಲ್ಲಬೇಕು. ಅಚ್ಚಿಗೆ ಗಟ್ಟಿಯಾಗಿ ಒತ್ತಿ, ಬಿಡಿಸಿ, ಒಂದು ದಿನ ನೆರಳಲ್ಲಿ ಒಣಗಿಸಿದರೆ ಮುಗಿಯಿತು.

ಇದನ್ನು ಹೀಗೆ ಹೇಳಿದರೆ ಎಂಟು ಸಾಲು. ಮೀಮಾಂಸೆಗೆ ಎಂಟು ಸಾಲು ಅವಮಾನ. ಆದ್ದರಿಂದ: ಮೂರು ಅಣು ಸೋಡಾಕ್ಕೆ ಒಂದು ಅಣು ನಿಂಬೆಉಪ್ಪು ಸರಿಹೊಂದುತ್ತದೆ. ತೂಕದಲ್ಲಿ ನೂರು ಗ್ರಾಂ ನಿಂಬೆಉಪ್ಪಿಗೆ ಸುಮಾರು 131 ಗ್ರಾಂ ಸೋಡಾ ಸಾಕು. ಬಟ್ಟಲಿನ ಲೆಕ್ಕದಲ್ಲಿ ಸೋಡಾ ಹೆಚ್ಚೇ ಬೀಳುತ್ತದೆ. ಹುಳಿ ಮೈಗೆ ಉರಿ ತರದಿರಲು ಅದು ಒಳ್ಳೆಯದು. ನೀರು ಬಿದ್ದಾಗ ಹೊರಡುವುದು ಇಂಗಾಲದ ಡೈಆಕ್ಸೈಡ್, ಉಳಿಯುವುದು ಸೋಡಿಯಂ ಸಿಟ್ರೇಟ್. ಈ ಕ್ರಿಯೆ ಶಾಖವನ್ನು ಹೀರುವುದರಿಂದ ನೀರು ಒಂದಿಷ್ಟು ತಣ್ಣಗಾಗುತ್ತದೆ. ಮೇ ತಿಂಗಳ ಬಳ್ಳಾರಿಯಲ್ಲಿ ಇಡೀ ಪ್ರಯೋಗದ ಸಾರ್ಥಕತೆ ಈ ಒಂದು ಅಂಶದಲ್ಲಿದೆ ಎಂದರೆ ಅತಿಶಯವಲ್ಲ.

ತೊಡಕುಗಳ ವರ್ಗೀಕರಣ

ವೈಫಲ್ಯಗಳನ್ನು ಎರಡು ಮಹಾವರ್ಗ, ಆರು ಉಪವರ್ಗ ಹಾಗೂ ಹದಿನೆಂಟು ಪ್ರಭೇದಗಳಾಗಿ ವಿಂಗಡಿಸಲಾಗಿದೆ.

1.1 ಪ್ರಾಗ್ಜಲೀಯ ವಿದಳನ ದೋಷ. ನೀರಿಗೆ ಬೀಳುವ ಮೊದಲೇ ಗುಂಡು ಬಿರುಕು ಬಿಡುವುದು. ಹಿಟ್ಟು ತೀರಾ ಒಣಗಿದ್ದರೆ, ಸರಿಯಾಗಿ ಒತ್ತದಿದ್ದರೆ, ಅಥವಾ ಕಂಟೋನ್ಮೆಂಟಿನ ತಾರಸಿಯ ಮೇಲೆ ನಲವತ್ತು ಡಿಗ್ರಿ ಬಿಸಿಲಿಗೆ ಹಪ್ಪಳದ ಜತೆ ಒಣಹಾಕಿದರೆ ಹೀಗಾಗುತ್ತದೆ. ಪರಿಹಾರ: ನೆರಳು.

1.2 ಪ್ರಾಗ್ಜಲೀಯ ಉತ್ಫುಲ್ಲನ ದೋಷ. ಗುಂಡು ಅಚ್ಚಿನಲ್ಲೇ ಉಬ್ಬಿ, ಮೈಮೇಲೆ ಗುಳ್ಳೆ ಏಳುವುದು. ಕಾರಣ ಹೆಚ್ಚಿದ ತೇವ. ನೀರು ಸುರಿದವರಿಗೂ, ಮಳೆಗಾಲದ ತೇವಗಾಳಿಯಲ್ಲಿ ತಯಾರಿಗೆ ಇಳಿದವರಿಗೂ ಇದು ಕಟ್ಟಿಟ್ಟ ಬುತ್ತಿ. ನೀರಿನ ಬದಲು ಸರ್ಜಿಕಲ್ ಸ್ಪಿರಿಟ್ ಚಿಮುಕಿಸಿದರೆ ತೊಂದರೆ ಕಡಿಮೆ. ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

1.3 ಕಾಠಿನ್ಯಾಭಾವ. ಪುಸ್ತಕದಲ್ಲಿ ‘ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಗುಂಡು ಗಟ್ಟಿಯಾಗುತ್ತದೆ’ ಎಂದಿರುತ್ತದೆ. ಕೊಬ್ಬರಿ ಎಣ್ಣೆ ಕರಗುವುದು 24 ಡಿಗ್ರಿಯ ಆಸುಪಾಸಿನಲ್ಲಿ. ನಮ್ಮೂರಿನ ಬೇಸಿಗೆಯಲ್ಲಿ ಅದು ಹೆಪ್ಪುಗಟ್ಟುವುದು ಫ್ರಿಜ್ಜಿನಲ್ಲಿ ಮಾತ್ರ. ಎಣ್ಣೆ ಅರ್ಧಕ್ಕಿಳಿಸಿ.

2.1ರಿಂದ 2.3ರ ತನಕ ಹೆಸರುಗಳೆಲ್ಲ ಸಂಸ್ಕೃತದಲ್ಲಿ ಸಿದ್ಧವಿವೆ, ಆದರೆ ಅವುಗಳೊಳಗೆ ಏನೂ ಇಲ್ಲ. ಬಿಡೋಣ. ಬಣ್ಣ ಹೆಚ್ಚಾದರೆ ಬಕೆಟ್ಟಿಗೆ ಅಂಟುತ್ತದೆ, ಅಷ್ಟೇ.

ಕ್ಷೇತ್ರಕಾರ್ಯ

ಹೆಸರು ಬೇಡವಾದ ಒಂದು ಸಂಸ್ಥೆ ಕಂಟೋನ್ಮೆಂಟಿನ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳಿಗೆ ಬಾತ್ ಬಾಂಬ್ ತರಬೇತಿ ನಡೆಸಿತು. ಪರಿಣತರು ಬಂದರು. ಪರದೆಯ ಮೇಲೆ ‘ಮೌಲ್ಯವರ್ಧನೆ’, ‘ಸಬಲೀಕರಣದ ಹೊಸ ಆಯಾಮಗಳು’, ‘ಸುಗಂಧಾಧಾರಿತ ಜೀವನೋಪಾಯ’ ಎಂದು ಒಂದೊಂದಾಗಿ ಸ್ಲೈಡು ಹರಿದವು. ಮುಂದಿನ ಸಾಲಿನ ಒಬ್ಬಾಕೆ ಎದ್ದು ಕೇಳಿದಳು.

‘ಸರ್, ಇದನ್ನ ಎಷ್ಟು ನೀರಾಗ ಹಾಕ್ಬೇಕ್ರೀ?’

‘ಟಬ್ ತುಂಬ, ಅಮ್ಮಾ.’

‘ಟಬ್ಬಿಗೆ ಎಷ್ಟು ಕೊಡ ಹಿಡಿತಾವ್ರೀ?’

ಪರಿಣತರು ಮುಂದಿನ ಸ್ಲೈಡಿಗೆ ಹೋದರು. ಅದರಲ್ಲಿ ವಿದೇಶದ ಬಿಳಿಯ ಟಬ್, ಗುಲಾಬಿ ನೊರೆ, ಒಂದು ಮೇಣದಬತ್ತಿ ಇದ್ದವು. ಅಷ್ಟರಲ್ಲಿ ಯಾರದೋ ಫೋನು ಬಡಿದುಕೊಂಡಿತು. ‘ನಳ ಬಂದೈತಂತೆ, ನಡೀರೇ!’ ಕುರ್ಚಿಗಳು ಸರಿದ ಸದ್ದು, ಬಾಗಿಲಲ್ಲಿ ಚಪ್ಪಲಿಗಳ ಗದ್ದಲ, ಸಭಾಂಗಣ ಖಾಲಿ. ಮೇಜಿನ ಮೇಲೆ ಪ್ರಾತ್ಯಕ್ಷಿಕೆಯ ಬೋಗುಣಿ ಒಂದೇ ಉಳಿಯಿತು. ಅದರಲ್ಲಿ ನೀರು ಹೆಚ್ಚಾಗಿ ಹಿಟ್ಟು ಬುಸುಬುಸು ಉಬ್ಬುತ್ತಿತ್ತು. ದೋಷ 1.2.

ಆಕೆಗೆ ಅಲ್ಲಿ ಸಿಗದ ಉತ್ತರ ಇಲ್ಲಿದೆ. ಸಾಧಾರಣ ಟಬ್ಬಿಗೆ ಸುಮಾರು 150 ಲೀಟರ್ ಬೇಕು. ಹದಿನೈದು ಲೀಟರಿನ ಕೊಡವಾದರೆ ಹತ್ತು ಕೊಡ. ಒಳಚರಂಡಿ ಇರುವ ನಗರದಲ್ಲಿ ಒಬ್ಬ ಮನುಷ್ಯನಿಗೆ ಕುಡಿಯಲು, ಅಡುಗೆಗೆ, ಬಟ್ಟೆಗೆ, ಬಚ್ಚಲಿಗೆ, ಕಕ್ಕಸಿಗೆ ಎಲ್ಲ ಸೇರಿ ದಿನಕ್ಕೆ 135 ಲೀಟರ್ ಕೊಡಬೇಕೆಂಬುದು ಸರ್ಕಾರಿ ಮಾನದಂಡ. ಅಂದರೆ ಒಂದು ಗುಂಡು ಕರಗಿಸಲು ಒಬ್ಬಾಕೆ ತನ್ನ ಇಡೀ ದಿನದ ಪಾಲು ಸುರಿದರೂ ಒಂದು ಕೊಡ ಸಾಲ ತರಬೇಕು. ಆ ಪಾಲಾದರೂ ದಿನಾ ಬರುತ್ತದೆಯೇ? ಈ ಊರಲ್ಲಿ ಜನ ತಮ್ಮ ಮಗಳ ಮದುವೆ ಮಾತುಕತೆಯನ್ನೂ ನೀರು ಬರುವ ದಿನ ನೋಡಿ ಮುಂದೂಡುತ್ತಾರೆ. ನಳ ಬರುವುದು ರಾತ್ರಿ ಎರಡಕ್ಕೋ, ಬೆಳಗಿನ ನಾಲ್ಕಕ್ಕೋ, ಹೇಳುವವರಿಲ್ಲ. ಸಂಪು, ಸಿಂಟೆಕ್ಸ್ ಇದ್ದವರು ಮೋಟಾರು ಹಚ್ಚಿ ಎಳೆದುಕೊಳ್ಳುತ್ತಾರೆ. ಇಲ್ಲದವರು ಕೊಡ ಸಾಲಿಟ್ಟು ಕೂರುತ್ತಾರೆ. ಬೆಳಿಗ್ಗೆ ಅದೇ ನಿದ್ದೆಗಣ್ಣಲ್ಲಿ ಬಂದವರಿಗೆ ಸಬಲೀಕರಣದ ಸ್ಲೈಡು!

ನಮಗೆ ನದಿ ಇಲ್ಲವೆಂದಲ್ಲ. ಹೆಚ್ಚು ಕಡಿಮೆ ಅರವತ್ತು ಕಿಲೋಮೀಟರಿನಾಚೆ ತುಂಗಭದ್ರಾ ಜಲಾಶಯವಿದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟೆಯ ನೀರು ಆ ತೂತಿನಿಂದ ದಿನಗಟ್ಟಲೆ ನದಿಗೆ ಹರಿಯುತ್ತಿದ್ದದ್ದನ್ನು ನಾವು ಟೀವಿಯಲ್ಲಿ ನೋಡಿದೆವು. ಅತ್ತ ಸಿರುಗುಪ್ಪದ ಕಡೆ ಕಾಲುವೆ ನೀರು ಹೆಚ್ಚಾಗಿ, ಬಸಿಯಲು ದಾರಿಯಿಲ್ಲದೆ, ಎಷ್ಟೋ ಹೊಲ ಸವಳು ಹಿಡಿದವು. ಬಿಳಿ ಪುಡಿ ಎದ್ದ ಆ ಮಣ್ಣಲ್ಲಿ ಭತ್ತವೂ ಸರಿಯಾಗಿ ಬಾರದು. ಒಂದು ಕಡೆ ನೀರು ಉಂಡು ಸತ್ತ ಹೊಲ, ಇನ್ನೊಂದು ಕಡೆ ಗಾಳಿ ಉಗುಳುವ ನಳ. ನಡುವೆ ನಿಂತು ಒಬ್ಬ ಮನುಷ್ಯ ನೊರೆ ಮಾಡುವುದು ಹೇಗೆಂದು ಹೇಳಿಕೊಡುತ್ತಾನೆ. ಈ ಮಾತಿಗೆ ಅಣಕಿನ ಧಾಟಿ ಹೊಂದುತ್ತಿಲ್ಲ, ನನಗೂ ಗೊತ್ತಾಗುತ್ತಿದೆ.

ಕಂಟೋನ್ಮೆಂಟಿಗೆ ಟಬ್ ಹೊಸದೂ ಅಲ್ಲ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ದಂಡು ಇಳಿಯಿತು. ದಂಡಿದ್ದ ಊರುಗಳಲ್ಲೆಲ್ಲ ದೊರೆಗಳು ತಗಡಿನ ತೊಟ್ಟಿಯಲ್ಲಿ ಕೂತು ಮೀಯುತ್ತಿದ್ದರು, ಭಿಸ್ತಿಗಳು ಚರ್ಮದ ಚೀಲದಲ್ಲಿ ನೀರು ಹೊತ್ತು ತರುತ್ತಿದ್ದರು. ಹೊರುವವರು ಬೇರೆ, ಮೀಯುವವರು ಬೇರೆ ಎಂಬ ವ್ಯವಸ್ಥೆಯಲ್ಲಿ ಮಾತ್ರ ಟಬ್ ಸುಸೂತ್ರವಾಗಿ ನಡೆಯುತ್ತದೆ.

ಶಿಫಾರಸುಗಳು

ಗುಂಡು ಮಾಡಿ ಮಾರುವುದರಲ್ಲಿ ತಪ್ಪಿಲ್ಲ. ಸಾಮಾನು ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ, ಬೇಕಾಗುವ ನೀರು ನಾಲ್ಕು ಸಲ ಚಿಮುಕಿಸುವಷ್ಟು. ಟಬ್ ಇರುವ ಬೆಂಗಳೂರಿನ ಹೋಟೆಲುಗಳಿಗೆ ಕಳಿಸಿ, ಸರಿಯಾದ ಬೆಲೆ ಕೇಳಿ. ಮನೆಯಲ್ಲಿ ಪರೀಕ್ಷೆ ಮಾಡುವುದಿದ್ದರೆ ಒಂದು ಚೂರು ಮುರಿದು ತಂಬಿಗೆಯಲ್ಲಿ ಹಾಕಿದರೆ ಸಾಕು, ಬುರುಗು ಗೊತ್ತಾಗುತ್ತದೆ.

ತರಬೇತಿ ಕೊಡುವವರಲ್ಲಿ ವಿನಂತಿ: ನೀರು ಬಾರದ ದಿನ ಇಟ್ಟುಕೊಳ್ಳಿ. ನೀರು ಬಿಡುವವರಲ್ಲಿ ಇನ್ನೊಂದು: ದಿನಾ ಬಿಡಲು ಆಗದಿದ್ದರೆ ಆ ಮಾತು ಬೇರೆ, ಆದರೆ ಯಾವ ಓಣಿಗೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಹಿಂದಿನ ಸಂಜೆಯೇ ತಿಳಿಸಿ. ಅದಕ್ಕೆ ಅನುದಾನ ಬೇಡ, ಒಂದು ಹಲಗೆ, ಒಂದು ಬಳಪ ಸಾಕು.