ತೇವದ ಗೋಡೆಗೆ ಬಣ್ಣದ ನ್ಯಾಯ

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸದ್ದಡಗಿ ಕಾಲೇಜುಗಳ ಗಂಟೆ ಜೋರಾದ ಮೇಲೆ, ಎರಡು ಕೋಣೆ ಹೆಚ್ಚಿಗೆ ಉಳ್ಳವರೆಲ್ಲರೂ ‘ಓನರ್’ ಪದವಿಗೇರಿದ್ದು, ಆ ಗಾಳಿ ಹರಿಹರಕ್ಕೂ ಬೀಸಿದೆ. ತುಂಗಭದ್ರೆಯ ದಂಡೆಯ ಹಳೆಯ ಮನೆಯೊಂದನ್ನು ಮೊದಲ ಬಾರಿಗೆ ಬಾಡಿಗೆಗೆ ಸಜ್ಜುಗೊಳಿಸುವ ಯಜಮಾನರಿಗೂ ಮೇಸ್ತ್ರಿಗೂ ನಡೆಯುವ ಸಂವಾದವು ಅಲ್ಪವ್ಯಯ ಶಾಸ್ತ್ರದ ಮೂಲಗ್ರಂಥವೆನಿಸಲು ಅರ್ಹವಾಗಿದೆ.

‘ಯಜಮಾನ್ರೇ, ತೇವ ಏರೈತಿ. ಗಿಲಾವು ಕೆತ್ತದೆ ಬಣ್ಣ ನಿಲ್ಲಲ್ಲ.’

‘ಬಳಿದರೆ ಎಷ್ಟು ದಿನ ನಿಲ್ಲುತ್ತೆ?’

‘ಒಂದು ಮಳೆಗಾಲ.’

‘ಕರಾರು ಹನ್ನೊಂದೇ ತಿಂಗಳದ್ದು. ಬಳೀರಿ.’

ಗಿಲಾವು ಎಂದರೆ ಇಟ್ಟಿಗೆಯ ಮೇಲಿನ ಗಾರೆಯ ಲೇಪ. ನೆಲದ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರಿ, ಆವಿಯಾಗುವಾಗ ಉಪ್ಪನ್ನು ಬಿಟ್ಟು, ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಹನ್ನೊಂದು ತಿಂಗಳ ಮಹಿಮೆಯಾದರೋ, ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕೆಂಬ 1908ರ ಕಾಯ್ದೆಯಿಂದ ತಪ್ಪಿಸಿಕೊಳ್ಳಲು ಹುಟ್ಟಿದ್ದು. ಅದು ಗೋಡೆಗೂ ಅನ್ವಯಿಸುತ್ತದೆಂಬುದು ಯಜಮಾನರ ಸ್ವಂತ ಭಾಷ್ಯ.

‘ಬಚ್ಚಲ ಪೈಪಿಗೆ ತುಕ್ಕು ಹಿಡಿದೈತಿ.’

‘ಅದರ ಮುಂದೆ ಕನ್ನಡಿ ಹೊಡೀರಿ.’

‘ತಾರಸಿ?’

‘ಸೋರಿದರೆ ಬಾಡಿಗೆಯವರೇ ಹೇಳ್ತಾರೆ.’

ಇದೇ ಊರಿನ ಹರಿಹರೇಶ್ವರ ದೇಗುಲವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು, ಇನ್ನೂ ಗಟ್ಟಿಯಾಗಿದೆಯೆಂದು ಮೇಸ್ತ್ರಿ ನೆನಪಿಸಿದಾಗ ಉತ್ತರ ಸಿದ್ಧವಿತ್ತು:

‘ಅವನೇನು ಬಾಡಿಗೆಗೆ ಕಟ್ಟಿಸಿದ್ನೇ?’

‘ಆಯ್ತು, ಒಂದೇ ಕೋಟ್ ಬಳಿತೀನಿ. ಬಣ್ಣ ಎದ್ದರೆ?’

‘ಖಾಲಿ ಮಾಡುವಾಗ ಗೋಡೆ ಕೆಡಿಸಿದಿರೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡೀತೀನಿ. ಎರಡನೇ ಕೋಟ್ ಅದರಲ್ಲಿ ಬಳಿಯುವಿರಂತೆ.’