ಹಿಡಿ ಉದ್ದವಾದರೆ ತಪ್ಪೇನು?

ಡ್ರಿಲ್ಲಿಂಗ್ ಮಷೀನಿನ ಬಿಟ್ ಕೆಳಗಿಳಿಸುವ ಹಿಡಿಗೆ ಪೈಪು ತೂರಿಸಿ ಉದ್ದ ಮಾಡುವವರನ್ನು ಕಂಡು ನಗುವವರುಂಟು. ಲೆಕ್ಕ ಮಾತ್ರ ನೇರ: ಹಿಡಿ ಎರಡರಷ್ಟಾದರೆ ತೋಳಿನ ಶ್ರಮ ಅರ್ಧ. ಶಿಡ್ಲಘಟ್ಟದಲ್ಲಿ ರೇಷ್ಮೆ ಚರಕ ತಿರುಗಿಸಿದ ಕೈಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ‘ಬಿಟ್ ಮುರಿಯುತ್ತದಲ್ಲ?’ ಎನ್ನಬಹುದು. ನಿಜ, 12 ಮಿ.ಮೀ. ಬಿಟ್ಟಿಗೆ ಉದ್ದನೆಯ ಹಿಡಿ ವರ, 3 ಮಿ.ಮೀ. ಬಿಟ್ಟಿಗೆ ಯಮಪಾಶ. ಕಬ್ಬಿಣ ಸುರುಳಿಯಾಗಿ ಎದ್ದರೆ ಒತ್ತಡ ಸರಿ. ಪುಡಿ ಉದುರಿ ಕಿರುಚಿದರೆ ಬಿಟ್ ಕೊರೆಯುತ್ತಿಲ್ಲ, ಗೋಳಾಡುತ್ತಿದೆ. ‘ಕಂಪನಿ ಕೊಟ್ಟಂತೆಯೇ ಇರಲಿ’ ಎನ್ನುವಿರಾ? ಕಂಪನಿಯೇನು ನಮ್ಮ ಕಡ್ಡಿತೋಳನ್ನು ಅಳೆದು ನೋಡಿತ್ತೇ? 1903ರಲ್ಲೇ ಖಡಕ್‌ವಾಸ್ಲಾ ಅಣೆಕಟ್ಟೆಗೆ ಸ್ವಯಂಚಾಲಿತ ಬಾಗಿಲು ಕೂರಿಸಿದ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯೂ ಶಿಡ್ಲಘಟ್ಟವೂ ಇರುವ ಜಿಲ್ಲೆ ಒಂದು ಹಿಡಿಗೆ ಹೆದರೀತೇ? ಜಾರುವ ಪೈಪು ಮಾತ್ರ ಬೇಡ. ತಿರುಪು ಮರೆ ಹಾಕಿದ ಉದ್ದ ಸರಳು, ತುದಿಗೊಂದು ಗುಂಡು ಇರಲಿ. ಮಷೀನಿಗೂ ಮರ್ಯಾದೆ, ಭುಜಕ್ಕೂ ನೆಮ್ಮದಿ.